ಎರಡು ಊರಿಗೆ ಒಂದು ಕಿವಿ

ಈಚೆಗೆ ತುಮಕೂರಿನಲ್ಲಿ ಅಂಗಡಿ ಇಟ್ಟುಕೊಂಡ ಕೆಲವರು ನನ್ನನ್ನು ಕರೆದು ಕೂರಿಸಿ, ಕಾಫಿ ತರಿಸಿ, "ನಮ್ ಕೆಲಸ ಇನ್ನೊಂಚೂರು ಚುರುಕಾಗಕ್ಕೆ ಏನ್ ಮಾಡ್ಬೇಕು, ಹೇಳಪ್ಪ" ಎಂದು ಕೇಳುತ್ತಾರೆ. ನಾನು ಕಾಫಿ ಮುಗಿಯುವ ತನಕ ಗಂಭೀರವಾಗಿ ತಲೆ ಆಡಿಸುತ್ತೇನೆ. ಆಮೇಲೆ ಏನಾದರೂ ಹೇಳುತ್ತೇನೆ. ಒಮ್ಮೊಮ್ಮೆ ಅದರಿಂದ ಅವರಿಗೆ ಒಳ್ಳೆಯದೂ ಆಗುತ್ತದೆ. ಈ ವಿಷಯದಲ್ಲಿ ನನ್ನ ಯೋಗ್ಯತೆ ಎಷ್ಟೆಂಬುದು ಗುಬ್ಬಿಯ ಒಂದು ಕೊಬ್ಬರಿ ಮಂಡಿಗೆ ಚೆನ್ನಾಗಿ ಗೊತ್ತು. ಅಲ್ಲಿನವರು ತುಮಕೂರಿಗೆ ಬಂದಾಗ ಈ ಅಂಗಡಿಯವರ ಜೊತೆ ಮಾತಿಗೆ ನಿಲ್ಲದಿರಲಿ ಎಂದಷ್ಟೇ ನನ್ನ ಪ್ರಾರ್ಥನೆ.

ಸೇರು ಹೋಗಿ ಕಿಲೋ ಬಂದ ಹೊಸತು. ನನಗೆ ಇಪ್ಪತ್ತೆರಡು. ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಪಾಸಾದೆನೆಂಬ ಪೂರ್ಣ ನಂಬಿಕೆಯಿಂದ ಎದ್ದು ಬಂದಿದ್ದೆ. ಪರೀಕ್ಷೆಯವರಿಗೆ ಮಾತ್ರ ಆ ನಂಬಿಕೆ ಇರಲಿಲ್ಲ. ಮನೆಯಲ್ಲಿ ಬೈಗುಳ ತಿನ್ನುವುದಕ್ಕಿಂತ ವಾಚನಾಲಯದಲ್ಲಿ ಕೂರುವುದು ಮೇಲೆಂದು ಕೂತಿದ್ದಾಗ ಒಂದು ಇಂಗ್ಲಿಷ್ ಪುಸ್ತಕ ಕೈಗೆ ಸಿಕ್ಕಿತು. ಹೊರದೇಶದ ಕಾರ್ಖಾನೆಗಳಲ್ಲಿ ಗಡಿಯಾರ ಹಿಡಿದು ಆಳುಗಳ ಕೆಲಸ ಅಳೆದು, ಹತ್ತು ಜನರ ಕೆಲಸವನ್ನು ಆರು ಜನರಿಂದ ಮಾಡಿಸುವುದು ಹೇಗೆ ಎಂದು ಬರೆದಿತ್ತು. ಅದರ ಮೊದಲ ಅಧ್ಯಾಯವನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಕೈ ಹಾಕುವ ಮೊದಲು ಏನೇನು ನೋಡಬೇಕು ಎಂಬುದೆಲ್ಲ ಅದರಲ್ಲೇ ಇದ್ದಿರಬೇಕು. ನಾನು ಎರಡನೆಯ ಅಧ್ಯಾಯದಿಂದ ತಜ್ಞನಾದೆ.

ಅಪ್ಪನ ಪರಿಚಯದಿಂದ ಗುಬ್ಬಿಯ ಮಂಡಿಯಲ್ಲಿ ಕೆಲಸ ಸಿಕ್ಕಿತು. ಉತ್ತರದ ಕಡೆಯ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸ. ಬೆಳಿಗ್ಗೆ ತುಮಕೂರಿನಿಂದ ರೈಲು, ಸಂಜೆ ಗುಬ್ಬಿಯಿಂದ ರೈಲು, ನಡುವೆ ಅಮ್ಮ ಕಟ್ಟಿದ ಬುತ್ತಿ. ಕಾಗದಗಳು ವಾರಕ್ಕೆ ಮೂರು. ಉಳಿದ ಹೊತ್ತಿನಲ್ಲಿ ಸಾಹುಕಾರರಿಗೆ ಆ ಪುಸ್ತಕದ ಕತೆ ಹೇಳುತ್ತಿದ್ದೆ. ನನ್ನ ಜೀವನದ ಮೊದಲ ದೊಡ್ಡ ತಪ್ಪು ಅದೇ. ಅವರು ನಂಬಿಬಿಟ್ಟರು.

ಗಿಟುಕು, ಅಂದರೆ ಉಂಡೆ ಕೊಬ್ಬರಿ, ಹೇಗೆ ಆಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ, ಕೆಳಗೆ ಆಗಾಗ ಹೊಗೆ ಕೊಟ್ಟು, ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ. ಆಮೇಲೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಕೊನೆಗೆ ಚಿಪ್ಪು ಬಿಟ್ಟು ಒಳಗೇ ಉಂಡೆಯಾಗಿ ಉರುಳಾಡುತ್ತದೆ. ಆಗ ಸುಲಿದು ಚಿಪ್ಪು ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ. ಒಂದು ತಿಂಗಳು ಮೊದಲೇ ಒಡೆದರೆ ಚೂರುಚೂರು, ಇನ್ನೂ ಮೊದಲೇ ಒಡೆದರೆ ನೀರು. ಒಂದೇ ದಿನ ಅಟ್ಟ ಹತ್ತಿದ ಎರಡು ಕಾಯಿ ಒಂದೇ ದಿನ ಆಗುವುದೂ ಇಲ್ಲ. ಆದ್ದರಿಂದ ಅಟ್ಟದಲ್ಲಿ ಒಬ್ಬರು ಕೂತು ಒಂದೊಂದು ಕಾಯಿಯನ್ನೂ ಅಲ್ಲಾಡಿಸಿ, ಆದದ್ದು ಆಗದ್ದು ಬೇರೆ ಮಾಡಬೇಕು.

ನಮ್ಮ ಮಂಡಿಯಲ್ಲಿ ಆ ಕೆಲಸ ತಾತನದು. ಯಾರ ತಾತನೂ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು. ಕಾಯಿ ಎತ್ತಿ ಅಲ್ಲಾಡಿಸಿ, ಬಲಗಿವಿಗೆ ಹಿಡಿದು, ಕಣ್ಣು ಮುಚ್ಚಿ, ಇಳಿಸಿ, ಎಡಕ್ಕೋ ಬಲಕ್ಕೋ ಎಸೆಯುತ್ತಿದ್ದರು. ತಪ್ಪುತ್ತಿರಲಿಲ್ಲ. ತಾತನ ಕಿವಿಯೆಂದರೆ ಗುಬ್ಬಿ ಪೇಟೆಯಲ್ಲೆಲ್ಲ ಹೆಸರು. ಆದರೆ ನಿಧಾನ. ಕೆಳಗೆ ಚಿಪ್ಪು ಒಡೆಯುವ ಹೆಂಗಸರು ಕಾಯಿಗಾಗಿ ಕಾಯುತ್ತಿದ್ದರು, ಹೊರಗೆ ಲಾರಿ ಕಾಯುತ್ತಿತ್ತು, ಜಗಲಿಯಲ್ಲಿ ಸಾಹುಕಾರರು ಹಲ್ಲು ಕಡಿಯುತ್ತಿದ್ದರು.

ಒಂದು ದಿನ ಸಾಹುಕಾರರು ನನ್ನನ್ನು ಕರೆದರು.

"ಕುಣಿಗಲ್ ಕಡೇನೂ ತೆಂಗು ಬೇಕಾದಷ್ಟೈತೆ ಕಣಪ್ಪ. ಅಲ್ಲೊಂದು ಮಂಡಿ ತೆಗೀಬೇಕು ಅಂತ ಮೂರು ವರ್ಷದಿಂದ ಆಸೆ. ಎರಡು ಊರಿಗೆ ಒಂದು ಕಿವಿ ಇಟ್ಕೊಂಡು ಏನ್ ಮಾಡ್ಲಿ? ನೀನು ಓದ್ದೋನು. ಆ ಮುದುಕ ಇಲ್ದೆ ಕಾಯಿ ಆರ್ಸೋ ದಾರಿ ಒಂದು ಕಂಡುಹಿಡಿ. ಸಿಕ್ತು ಅಂದ್ರೆ ಅವನ್ನ ಮನೆಗೆ ಕಳ್ಸಿ, ಎರಡೂ ಊರ್ಗೂ ಅದೇ ದಾರಿ ಹಾಕೋಣ."

ತಾತ ಮಗಳ ಮನೆಯಲ್ಲಿದ್ದರು. ಜಮೀನಿಲ್ಲ, ಬೇರೆ ಕಸುಬಿಲ್ಲ. ಊಟದ ಹೊತ್ತಿನಲ್ಲಿ ಒಮ್ಮೆ ನನಗೇ ಹೇಳಿದ್ದರು: "ಕೆಲಸದಿಂದ ಬಂದೋನಿಗೆ ಅಳಿಯ ಎದ್ದು ಜಾಗ ಬುಡ್ತಾನೆ. ಮನೇಲಿ ಕೂತೋನ ಕಾಲು ದಾಟ್ಕೊಂಡು ಹೋಯ್ತಾನೆ." ಅದು ನೆನಪಿತ್ತು. ಆದರೂ ನಾನು ಸಾಹುಕಾರರಿಗೆ "ಆಗ್ಲಿ ಸಾರ್" ಎಂದೆ. ಇಪ್ಪತ್ತೆರಡು ವರ್ಷದವನಿಗೆ ತಜ್ಞ ಎಂದು ಕರೆಸಿಕೊಳ್ಳುವ ಆಸೆಯ ಮುಂದೆ ಇನ್ನೊಬ್ಬರ ಕಾಲು ಕಾಣುವುದಿಲ್ಲ.

ಮೊದಲ ದಾರಿ ತಕ್ಕಡಿ. ಒಣಗಿದ ಕಾಯಿ ಹಗುರ, ನೀರಿರುವ ಕಾಯಿ ಭಾರ. ಇಷ್ಟು ಸರಳ ಸತ್ಯ ಗುಬ್ಬಿಗೆ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಊರಿನ ಮೇಲೆ ಮರುಕ ಬಂತು. ಹೊಸ ಕಿಲೋ ಬಟ್ಟುಗಳನ್ನು ಹೊಳೆಯುವಂತೆ ಒರೆಸಿಟ್ಟು, ಇಂಥ ತೂಕದ ಕೆಳಗಿದ್ದರೆ ಆದ ಕಾಯಿ, ಮೇಲಿದ್ದರೆ ಆಗದ ಕಾಯಿ ಎಂದು ಗೋಡೆಗೆ ಬರೆದು ಅಂಟಿಸಿದೆ. ಮಧ್ಯಾಹ್ನದೊಳಗೆ ಮುನ್ನೂರು ಕಾಯಿ ಆರಿಸಿದೆ. ತಾತ ಮೇಲಿನಿಂದ ಇಣುಕಿ, "ಏನ್ಲಾ ತುಮ್ಕೂರು, ನನ್ನೂ ಒಂದ್ಸಲ ತೂಗ್ತೀಯಾ?" ಎಂದರು. ನನ್ನ ಹೆಸರು ಅವರಿಗೆ ಬೇಕಾಗಿರಲಿಲ್ಲ, ಊರಿನ ಹೆಸರೇ ಸಾಕಾಗಿತ್ತು.

ಒಡೆಯುವುದನ್ನು ನೋಡಲು ಸಾಹುಕಾರರು ಬಿಳಿ ಪಂಚೆ ಸರಿಮಾಡಿಕೊಂಡು ಹತ್ತಿರವೇ ಕೂತರು. ಹೆಂಗಸರ ಮುಂದಾಳು ಗುಬ್ಬಿ ಪಕ್ಕದ ಕಡಬದ ಅಕ್ಕ. ಮಾತಿನಲ್ಲಿ ಅವಳನ್ನು ಗೆದ್ದವರು ಆ ಮಂಡಿಯಲ್ಲಿ ಇರಲಿಲ್ಲ. ಅವಳು ಮೊದಲ ಕಾಯಿಗೆ ಒಂದು ಏಟು ಹಾಕಿದಳು. ಅದರಿಂದ ಹಾರಿದ ನೀರು ಸಾಹುಕಾರರ ಪಂಚೆಯ ಮೇಲೆ ನಮ್ಮ ಜಿಲ್ಲೆಯ ನಕ್ಷೆಯನ್ನೇ ಬರೆಯಿತು. ಎರಡನೆಯದು ತಾಲೂಕುಗಳನ್ನು ತುಂಬಿತು.

"ಎಳನೀರ್ ಅಂಗಡಿ ಇಡ್ತಾ ಇದೀವೇನ್ರಿ?" ಎಂದು ಕೇಳಿದಳು ಅಕ್ಕ.

ನಾನು ಮರೆತದ್ದು ಇಷ್ಟೇ: ಸಣ್ಣ ಕಾಯಿ ಹುಟ್ಟಿನಿಂದಲೇ ಹಗುರ. ಮಗು ಹಗುರವಾಗಿದೆಯೆಂದು ಅದನ್ನು ವಯಸ್ಸಾದ ಯಜಮಾನರ ಸಾಲಿನಲ್ಲಿ ಕೂರಿಸಿದ ಹಾಗಾಗಿತ್ತು. ಮುನ್ನೂರನ್ನೂ ಆಗಲೇ ಸುಲಿಸಿಬಿಟ್ಟಿದ್ದೆ, ಮತ್ತೆ ಅಟ್ಟಕ್ಕೆ ಹಾಕುವಂತಿರಲಿಲ್ಲ. ಆ ವಾರ ಅರ್ಧ ಗುಬ್ಬಿ ಚಟ್ನಿ ತಿಂದಿತು. ನಾನು ಹೊತ್ತು ತಂದ ಕಾಯಿಗಳನ್ನು ನೋಡಿ ಅಮ್ಮ, ಮಗನಿಗೆ ಕೆಲಸದಲ್ಲಿ ಬಡ್ತಿ ಸಿಕ್ಕಿತೆಂದುಕೊಂಡಳು.

ಈಗ ಯಾರಾದರೂ ಹೊಸ ವಿಧಾನ ಎಂದರೆ ನಾನು ಮೊದಲು ಕೇಳುವುದು, ಹತ್ತರ ಮೇಲೆ ಮಾಡಿ ನೋಡಿದಿರಾ ಎಂದು. ಹತ್ತು ಕಾಯಿ ಹಾಳಾದರೆ ಒಂದು ಮನೆಯ ಚಟ್ನಿ, ಅಷ್ಟರಲ್ಲಿ ಮುಗಿಯುತ್ತದೆ. ಮುನ್ನೂರು ಹಾಳಾದರೆ ಊರಿಗೇ ಗೊತ್ತಾಗುತ್ತದೆ.

ಎರಡನೆಯ ದಾರಿ ಇಳಿಜಾರು. ತಾತ ಆರಿಸಿದ ಕಾಯಿಯನ್ನು ಕುಕ್ಕೆಗೆ ತುಂಬಿ ಏಣಿಯಲ್ಲಿ ಇಳಿಸುತ್ತಿದ್ದರು. ಅದರಲ್ಲೇ ಎಷ್ಟೋ ಹೊತ್ತು ಹೋಗುತ್ತಿತ್ತು. ನಾನು ಅಟ್ಟದಿಂದ ಅಂಗಳಕ್ಕೆ ತಗಡಿನ ಜಾರುಬಂಡೆ ಕಟ್ಟಿಸಿದೆ. ಅದರ ತುದಿ ಬೀದಿಬಾಗಿಲಿಗೆ ನೇರವಾಗಿತ್ತು ಎಂಬುದನ್ನು ನಾನು ಗಮನಿಸಿರಲಿಲ್ಲ, ತೆಂಗಿನಕಾಯಿ ಗಮನಿಸಿತು. ಮೊದಲ ಕಾಯಿ ಗುಡುಗುತ್ತ ಇಳಿದು, ಹೊಸ್ತಿಲು ಹಾರಿ, ಬೀದಿ ದಾಟಿ, ಎದುರಿನ ಕ್ಷೌರದಂಗಡಿಗೆ ನುಗ್ಗಿತು. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಎದ್ದು ಹಿಂಬಾಗಿಲಿನಿಂದ ಓಡಿದವನು ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದನಂತೆ. ಅರಸೀಕೆರೆ ಎಂಬುದು ನಾನು ಸೇರಿಸಿದ್ದು, ಸೋಪು ನಿಜ. ಕ್ಷೌರಿಕರು ಕಾಯಿಯನ್ನು ಎತ್ತಿ ಖಾಲಿ ಕುರ್ಚಿಯ ಮೇಲಿಟ್ಟು, "ಇವ್ರಿಗೆ ಕಟಿಂಗೋ ಶೇವಿಂಗೋ?" ಎಂದು ಬೀದಿಯ ಆಚೆಯಿಂದ ಕೂಗಿ ಕೇಳಿದರು.

ಅದನ್ನು ಸರಿಮಾಡಿದ್ದು ಅಕ್ಕ. ತಗಡಿನ ಮೇಲೆ ಗೋಣಿ ಹಾಸಿಸಿ, ದಿಕ್ಕು ತಿರುಗಿಸಿ, ತುದಿಗೆ ಮರಳಿನ ಮೂಟೆ ಇಡಿಸಿದಳು. ಕಾಯಿ ಸೊಸೆಯ ಹಾಗೆ ತಗ್ಗಿಬಗ್ಗಿ ಬಂದು ನಿಂತಿತು. ನಾನು ಗೆದ್ದೆನೆಂದು ಗಡಿಯಾರ ನೋಡಿದರೆ ಉಳಿತಾಯವಾದ ಹೊತ್ತು ಬಹಳ ಸ್ವಲ್ಪ. ಕಾಯಿ ಬೇಗ ಇಳಿಯುತ್ತಿತ್ತು, ಹೆಂಗಸರು ಮೊದಲಿನ ಹಾಗೇ ಕಾಯುತ್ತಿದ್ದರು.

"ಕಾಲ್ವೆ ಅಗಲ ಮಾಡಿದ್ರೆ ಏನ್ ಬಂತು?" ಎಂದಳು ಅಕ್ಕ. "ಕೆರೆ ತೂಬು ಅಷ್ಟೇ ಐತಲ್ಲ. ತೂಬಿನ ತಾವ ಹೋಗಿ ನೋಡು."

ಕಡಬದ ಕೆರೆ ನೋಡಿಕೊಂಡು ಬೆಳೆದವಳು ಹೇಳಿದ ಆ ಒಂದು ಮಾತನ್ನು ನಾನು ಈಗ ಅಂಗಡಿ ಅಂಗಡಿಗೂ ನನ್ನದೇ ಎಂಬಂತೆ ಹೇಳಿಕೊಂಡು ತಿರುಗುತ್ತೇನೆ. ಎಲ್ಲಿ ಜನ ಕೈಕಟ್ಟಿ ಕಾಯುತ್ತಾರೋ ಅದರ ಹಿಂದಿನ ಜಾಗ ನೋಡಿ. ಉಳಿದ ಕಡೆ ಮಾಡಿದ ಸುಧಾರಣೆಯೆಲ್ಲ ಅಲಂಕಾರ.

ತೂಬು ಎಂದರೆ ತಾತ. ನಾನು ಗಡಿಯಾರ, ನೋಟುಪುಸ್ತಕ ಹಿಡಿದು ಅಟ್ಟ ಹತ್ತಿ ಅವರ ಬೆನ್ನ ಹಿಂದೆ ಕೂತೆ. ಛಾವಣಿಯಲ್ಲಿ ಒಂದೇ ಒಂದು ಗಾಜಿನ ಹೆಂಚಿತ್ತು. ತಾತ ಅದರ ಬೆಳಕಿನಲ್ಲೇ ಕೂರುತ್ತಿದ್ದರು. ಎತ್ತು, ಅಲ್ಲಾಡಿಸು, ಕಿವಿಗೆ ಹಿಡಿ, ಕಣ್ಣು ಮುಚ್ಚು, ಇಳಿಸು, ಎಸೆ. ಎಲ್ಲ ಬರೆದುಕೊಂಡೆ. ಹಿಂದಿನಿಂದ ನಾಲ್ಕು ಪ್ರಶ್ನೆ ಕೇಳಿದೆ, ಉತ್ತರ ಬರಲಿಲ್ಲ. ಮುದುಕನಿಗೆ ಜಂಭ ಎಂದು ಬರೆದುಕೊಂಡೆ. ಕೆಳಗಿನಿಂದ ಹೆಂಗಸರು ಆಗಾಗ ತೆಂಗಿನ ನಾರಿನ ಉಂಡೆ ಎಸೆಯುತ್ತಿದ್ದರು, ಅದು ತಾತನ ಮುಂದೆ ಬೀಳುತ್ತಿತ್ತು, ತಾತ ಕೆಳಗೆ ಬಗ್ಗಿ ನೋಡುತ್ತಿದ್ದರು. "ಕೆಲಸದ ವೇಳೆಯಲ್ಲಿ ಆಟ" ಎಂದು ಅದನ್ನೂ ಬರೆದುಕೊಂಡೆ.

ಮೂರನೆಯ ದಿನ ನನಗೆ ಬೇಸರ ಹತ್ತಿತು. ಬೇಸರ ಹತ್ತಿದಾಗ ನಾನು ಮಾಡುವುದೆಲ್ಲ ಕಪಿಚೇಷ್ಟೆ. ಬುತ್ತಿಯ ಜೊತೆ ಕಡ್ಲೆಪುರಿ ಕಟ್ಟಿದ್ದ ಕಾಗದದ ಚೀಲವಿತ್ತು. ಅದಕ್ಕೆ ಗಾಳಿ ತುಂಬಿ, ತಾತನ ತಲೆಯ ಹಿಂದೆ ಒಂದು ಮೊಳ ದೂರದಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗುದ್ದಿದೆ.

ಹೆಂಚಿನ ಸಂದಿನ ಪಾರಿವಾಳಗಳು ಒಟ್ಟಿಗೆ ಎದ್ದವು. ಕೆಳಗೆ ಹೆಂಗಸರು ಕಿರುಚಿಕೊಂಡರು. ಯಾರದೋ ಕತ್ತಿ ನೆಲಕ್ಕೆ ಬಿತ್ತು. ತಾತ ಕೈಯಲ್ಲಿದ್ದ ಕಾಯಿಯನ್ನು ನಿಧಾನವಾಗಿ ಅಲ್ಲಾಡಿಸಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಇಳಿಸಿ, ಬಲಕ್ಕೆ ಎಸೆದರು.

ಹಾರಿದ ಪಾರಿವಾಳದ ನೆರಳು ಗಾಜಿನ ಹೆಂಚನ್ನು ದಾಟಿದಾಗ ಮಾತ್ರ ತಾತ ತಲೆ ಎತ್ತಿದರು. ತಿರುಗಿದರು. ನನ್ನ ಕೈಯಲ್ಲಿದ್ದ ಹರಿದ ಚೀಲ ನೋಡಿದರು, ನನ್ನ ಮುಖ ನೋಡಿದರು.

"ಗೊತ್ತಾಯ್ತಾ?" ಎಂದರು.

ನಾನು ತಲೆ ಆಡಿಸಿದೆ.

"ಜ್ವರ ಬಂದಿತ್ತು ಕಣ್ಲಾ. ಹನ್ನೆರಡು ವರ್ಷ ಆಯ್ತು. ಬಿಟ್ಟು ಹೋಗೋವಾಗ ಕಿವೀನೂ ತಗೊಂಡೋಯ್ತು. ನೀನು ಎದುರ್ಗೆ ಕೂತು ಮಾತಾಡು, ಬಾಯಿ ನೋಡಿದ್ರೆ ಗೊತ್ತಾಯ್ತದೆ."

ನಾನು ಎದುರಿಗೆ ಬಂದು ಬೆಳಕಿನಲ್ಲಿ ಕೂತೆ. "ಹಂಗಾದ್ರೆ ಕಾಯಿ ಆಗಿರೋದು ಹೆಂಗೆ ಗೊತ್ತಾಗುತ್ತೆ ತಾತ?"

ಅವರು ನನ್ನ ಕೈ ಎಳೆದು ಅಂಗೈ ಮೇಲೆ ಒಂದು ಕಾಯಿ ಇಟ್ಟು, ನನ್ನ ಮಣಿಕಟ್ಟು ಹಿಡಿದು ತಾವೇ ಅಲ್ಲಾಡಿಸಿದರು. ಒಳಗೆ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗಾಯಿತು. "ಅದು ನೀರು." ಇನ್ನೊಂದು ಇಟ್ಟರು. ಕಲ್ಲಿನ ಹಾಗೆ ಸುಮ್ಮನಿತ್ತು. "ಇದು ಚಿಪ್ಪಿಗೆ ಅಂಟ್ಕೊಂಡೈತೆ, ಇನ್ನೊಂದು ತಿಂಗ್ಳು ಬೇಕು." ಮೂರನೆಯದು ಅಂಗೈಯ ನಡುವೆ ಸಣ್ಣಗೆ ಕುಟ್ಟಿತು, ಪಕ್ಕದ ಮನೆಯವರು ಬಾಗಿಲು ತಟ್ಟಿದ ಹಾಗೆ. "ಇದು ಉಂಡೆ."

"ಮತ್ತೆ ಕಿವಿಗೆ ಯಾಕೆ ಹಿಡೀತೀರಾ?"

"ಅದು ಸಾಹುಕಾರ್ರಿಗೆ. ಅವ್ರು ಕಿವಿ ಅಂತ ಇಟ್ಕೊಂಡವ್ರೆ. ಕಿವಿ ಇಲ್ಲ ಅಂದ್ರೆ ನಾನೂ ಇಲ್ಲ."

ಆಮೇಲೆ ನನಗೊಬ್ಬನಿಗೇ ಎಂಬಂತೆ ತೋರಿಸಿದರು. ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು. ಕಿವಿಯಿಲ್ಲ, ಕಣ್ಣು ಮುಚ್ಚುವುದಿಲ್ಲ. ಎರಡು ಕೈ ಒಮ್ಮೆ ಕುಲುಕಿದವು, ಎರಡು ಕಾಯಿ ಎರಡು ದಿಕ್ಕಿಗೆ ಹೋದವು. ಮತ್ತೆ ಎರಡು. ಮತ್ತೆ ಎರಡು. ನಾನು ಗಡಿಯಾರ ನೋಡುವುದನ್ನೇ ಮರೆತೆ. ಎರಡು ತಿಂಗಳಿಂದ ತಕ್ಕಡಿ, ತಗಡು ಎಂದು ನಾನು ಹುಡುಕುತ್ತಿದ್ದ ಚುರುಕು ತಾತನ ಕೈಯಲ್ಲೇ ಇತ್ತು. ಅದನ್ನು ತಡೆದು ಹಿಡಿದದ್ದು ಸಾಹುಕಾರರ ಮೇಲಿನ ಹೆದರಿಕೆ.

"ಹೇಳ್ಬ್ಯಾಡ" ಎಂದರು ತಾತ. ಅದೂ ಕೇಳಿಕೊಂಡ ಹಾಗಲ್ಲ, ಎಣ್ಣೆ ಚೆಲ್ಲಬೇಡ ಎಂದ ಹಾಗೆ.

ನಿಧಾನವಾಗಿ ಕೆಲಸ ಮಾಡುವವರನ್ನು ಕಂಡರೆ ಸೋಮಾರಿ ಎನ್ನುವ ಮೊದಲು, ಇವರು ಯಾವುದನ್ನು ಮುಚ್ಚಿಟ್ಟುಕೊಂಡು ಮಾಡುತ್ತಿದ್ದಾರೆ ಎಂದು ನಾನು ಈಗ ಯೋಚಿಸುತ್ತೇನೆ. ಆದರೆ ಅಂದು ಯೋಚಿಸಿದ್ದು ನನ್ನ ಬಗ್ಗೆಯೇ. ಸಂಜೆ ಸಂಜೆ ಸಾಹುಕಾರರು "ದಾರಿ ಸಿಕ್ತಾ?" ಎಂದು ಕೇಳುತ್ತಿದ್ದರು. ದಾರಿ ನನ್ನ ಅಂಗೈಯಲ್ಲಿತ್ತು. ಬಾಯಿ ಬಿಟ್ಟರೆ ನಾನು ತಜ್ಞ, ತಾತ ಮನೆಗೆ. "ಹುಡುಕ್ತಾ ಇದೀನಿ ಸಾರ್" ಎಂದು ಹೇಳಿ ರೈಲಿಗೆ ಓಡುತ್ತಿದ್ದೆ.

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಹೆಚ್ಚೆಂದರೆ ಒಂದು ಊಟದ ತನಕ. ಚೀಲ ಒಡೆದ ಮರುದಿನವೇ ಅಕ್ಕನ ಹತ್ತಿರ ಹೋಗಿ, ಪ್ರಪಂಚದಲ್ಲಿ ನನಗೊಬ್ಬನಿಗೇ ಗೊತ್ತಿರುವ ರಹಸ್ಯ ಹೇಳುವ ದನಿಯಲ್ಲಿ ಹೇಳಿದೆ. ಅವಳು ಚಿಪ್ಪು ಒಡೆಯುವುದನ್ನು ನಿಲ್ಲಿಸಲಿಲ್ಲ.

"ಇದನ್ನ ಕಂಡುಹಿಡಿಯಕ್ಕೆ ನಿಂಗೆ ಎರಡು ತಿಂಗ್ಳು ಬೇಕಾಯ್ತಾ?"

"ನಿಮ್ಗೆ ಗೊತ್ತಿತ್ತಾ?"

"ನಾರಿನ ಉಂಡೆ ಎಸೆದು ಎಸೆದು ನನ್ ರಟ್ಟೆ ಬಿದ್ದೋಗೈತೆ. ಕೂಗಿದ್ರೆ ಕೇಳ್ಸೋಹಂಗಿದ್ರೆ ಯಾಕಪ್ಪ ಎಸೀಲಿ?"

ನಾನು ನೋಟುಪುಸ್ತಕದ "ಕೆಲಸದ ವೇಳೆಯಲ್ಲಿ ಆಟ" ಎಂಬ ಸಾಲನ್ನು ಮೆಲ್ಲಗೆ ಹರಿದು ಜೇಬಿಗೆ ಹಾಕಿಕೊಂಡೆ.

"ಹೇಳೋದಾದ್ರೆ ತಾತನೇ ಹೇಳ್ಲಿ" ಎಂದಳು ಅಕ್ಕ. "ನೀನು ಮಧ್ಯದಲ್ಲಿ ಜಾಣ ಆಗಕ್ಕೆ ಹೋಗ್ಬ್ಯಾಡ."

ಹೇಳುವ ದಿನ ತಾನಾಗಿಯೇ ಬಂತು. ಬೆಳಿಗ್ಗೆಯಿಂದ ಬಾಗಿಲಲ್ಲಿ ಲಾರಿ ನಿಂತಿತ್ತು. ಎರಡು ಮೂಟೆ ಕಮ್ಮಿ. ಮಧ್ಯಾಹ್ನದೊಳಗೆ ಹೊರಡದಿದ್ದರೆ ಆ ಸಲದ ವ್ಯಾಪಾರ ತಪ್ಪುತ್ತದೆ ಎಂದು ಡ್ರೈವರು ಹಾರನ್ ಒತ್ತುತ್ತಲೇ ಇದ್ದ. ಸಾಹುಕಾರರು ಅಂಗಳದ ನಡುವೆ ನಿಂತು ಅಟ್ಟದ ಕಡೆ ಕೂಗಿದರು. ಮತ್ತೆ ಕೂಗಿದರು. ಮೂರನೆಯ ಸಲ ಕೂಗುವಷ್ಟರಲ್ಲಿ ಅಕ್ಕ ನಾರಿನ ಉಂಡೆ ಎಸೆದಳು. ತಾತ ಇಣುಕಿ ನೋಡಿ, ಏಣಿ ಇಳಿದು ಎದುರಿಗೆ ಬಂದು ನಿಂತರು.

"ಆಗ್ಲಿಂದ ಅರಚ್ಕೊತಾ ಇದೀನಿ" ಎಂದರು ಸಾಹುಕಾರರು. "ಕಿವಿ ಕೇಳ್ಸಲ್ವಾ ನಿಂಗೆ?"

ಕತ್ತಿಗಳ ಸದ್ದು ನಿಂತಿತು. ತಾತ ನನ್ನ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ನೋಡಲಿಲ್ಲ.

"ಇಲ್ಲ" ಎಂದರು. "ಹನ್ನೆರಡು ವರ್ಷ ಆಯ್ತು ಬುದ್ದಿ."

ಸಾಹುಕಾರರು ಏನಾದರೂ ಹೇಳುವ ಮೊದಲೇ ತಾತ ಜಗಲಿಯ ಮೇಲೆ ಕೂತು, ಜಾರುಬಂಡೆಯ ಕಡೆ ಕೈ ತೋರಿಸಿ, "ಇಳ್ಸೋ ತುಮ್ಕೂರು" ಎಂದರು. ನಾನು ಅಟ್ಟಕ್ಕೆ ಓಡಿ ಸಿಕ್ಕಸಿಕ್ಕ ಕಾಯಿಯನ್ನೆಲ್ಲ ತಗಡಿಗೆ ಬಿಟ್ಟೆ. ತಾತ ಎರಡೂ ಕೈಯಲ್ಲಿ ಕುಲುಕಿ ಎಸೆಯುತ್ತ ಹೋದರು. ಅಕ್ಕನ ಕಡೆಯವರಿಗೆ ಅಂದು ಕಾಯುವುದೆಂದರೇನೆಂದು ಮರೆತುಹೋಯಿತು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮೂಟೆ ಹೊಲಿದು ಲಾರಿ ಕಳಿಸಿದ್ದಾಯಿತು. ಅಷ್ಟರಲ್ಲಿ ಚೂರಾದದ್ದು ಒಂದೇ ಒಂದು ಉಂಡೆ, ಅದೂ ಹಾರನ್ನಿಗೆ ಬೆದರಿ ಅಕ್ಕನ ಕೈ ತಪ್ಪಿ.

ಲಾರಿ ಹೋದ ಮೇಲೆ ಸಾಹುಕಾರರು ತಾತನ ಎದುರಿಗೆ ಬಂದರು. ಅವರ ಮುಖ ಕೆಂಪಾಗಿತ್ತು.

"ಹನ್ನೆರಡು ವರ್ಷ ನನ್ ಮುಂದೆ ವೇಷ ಹಾಕಿದೀಯ. ನಾಳೆಯಿಂದ ಬರ್ಬ್ಯಾಡ."

ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ನಾನು ಇಲ್ಲಿ ಧೈರ್ಯವಾಗಿ ಎದ್ದು ನಿಂತು ಮಾತಾಡಿದೆ ಎಂದು ಬರೆಯಲು ತುಂಬಾ ಆಸೆ. ಲಾರಿಯ ಚೀಟಿಯಲ್ಲಿ ತಪ್ಪು ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡಿದ್ದೆ. ಚೀಟಿ ತಲೆಕೆಳಗಾಗಿತ್ತು.

ಮರುದಿನ ಸಾಹುಕಾರರೇ ಅಟ್ಟ ಹತ್ತಿದರು. ಅವರ ಕಿವಿ ಚೆನ್ನಾಗಿತ್ತು, ಬೀದಿಯ ಆ ತುದಿಯಲ್ಲಿ ಯಾರಾದರೂ ಅವರ ಹೆಸರೆತ್ತಿದರೆ ಕೇಳಿಸುತ್ತಿತ್ತು. ಕಾಯಿಯನ್ನು ಕಿವಿಗೆ ಹಿಡಿದು ಅರ್ಧ ದಿನ ಆರಿಸಿದರು. ಅಕ್ಕ ಒಡೆದಳು. ನೀರು, ಚೂರು, ನೀರು, ಒಂದು ಉಂಡೆ, ಚೂರು. ನನ್ನ ತಕ್ಕಡಿಗೆ ಮೊದಲ ಸಲ ಗೌರವ ಬಂತು.

ಸಾಹುಕಾರರು ಕೆಳಗಿಳಿದು ಮರಳಿನ ಮೂಟೆಯ ಮೇಲೆ ಕೂತರು. ನಾನು ಹೋಗಿ ಅಂಗೈಯ ವಿಷಯ ಹೇಳಿದೆ. ಹೇಳುವುದು ತಪ್ಪೋ ಸರಿಯೋ ಗೊತ್ತಿರಲಿಲ್ಲ, ಗುಟ್ಟು ಹೊರಗೆ ಬಿದ್ದ ಮೇಲೆ ಉಳಿದದ್ದು ಅದೊಂದೇ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಈ ಹೆಂಗಸ್ರಿಗೆ?"

"ಮಂಡಿ ಬೆಕ್ಕಿಗೂ ಗೊತ್ತಿತ್ತು" ಎಂದಳು ಅಕ್ಕ.

"ಒಬ್ರಾದ್ರೂ ನಂಗೆ ಹೇಳ್ಲಿಲ್ವಲ್ಲ."

ಅಕ್ಕ ಕತ್ತಿ ಕೆಳಗಿಟ್ಟಳು. "ಹೇಳಿದ್ರೆ ಏನ್ ಮಾಡ್ತಿದ್ರಿ ಬುದ್ದಿ?"

ಸಾಹುಕಾರರು ಏನು ಮಾಡುತ್ತಿದ್ದರೆಂಬುದನ್ನು ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ನೋಡಿದ್ದೆವು. ಅವರು ಒಂದು ಕಾಯಿ ಎತ್ತಿಕೊಂಡು, ಕಿವಿಯ ತನಕ ತಂದು, ಮತ್ತೆ ಇಳಿಸಿ, ಅಂಗೈಯಲ್ಲೇ ಹಿಡಿದು ಮೆಲ್ಲಗೆ ಕುಲುಕಿ ನೋಡಿದರು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು, "ಬಾರಪ್ಪ, ಅವನ ಮನೆ ತೋರ್ಸು" ಎಂದರು.

ತಾತ ಮಗಳ ಮನೆಯ ಬಾಗಿಲಲ್ಲಿ ಕಾಲು ಮಡಿಸಿ, ಹೋಗಿಬರುವವರಿಗೆ ಅಡ್ಡವಾಗದ ಹಾಗೆ ಮೂಲೆಗೆ ಒತ್ತಿ ಕೂತಿದ್ದರು. ಸಾಹುಕಾರರು ಮೊದಲು ನೆರಳಿನಲ್ಲಿ ನಿಂತು ಮಾತಾಡಲು ಹೋದರು. ಆಮೇಲೆ ಏನೋ ನೆನಪಾದವರಂತೆ ಎರಡು ಹೆಜ್ಜೆ ಸರಿದು, ತಮ್ಮ ಮುಖದ ಮೇಲೆ ಬಿಸಿಲು ಬೀಳುವ ಕಡೆ ನಿಂತರು.

"ಕುಣಿಗಲ್ಗೆ ಇನ್ನೊಬ್ರು ಬೇಕು" ಎಂದರು, ನಿಧಾನವಾಗಿ. "ಕಲ್ಸಕ್ಕಾಗುತ್ತಾ?"

ತಾತ ಅವರ ಬಾಯನ್ನೇ ನೋಡುತ್ತಿದ್ದರು. "ಕಿವಿ ಆಗಿದ್ರೆ ಆಗ್ತಿರ್ಲಿಲ್ಲ ಬುದ್ದಿ, ಅದು ಒಬ್ಬೊಬ್ಬರ್ದು. ಅಂಗೈ ಎಲ್ರಿಗೂ ಐತೆ." ಮೊಣಕಾಲು ಸವರಿಕೊಂಡು, "ಆದ್ರೆ ಅಟ್ಟ ಹತ್ತಲ್ಲ. ಮಂಡಿ ನೋಯ್ತದೆ. ಕೆಳಗೆ ಕೂತು ಕಲಿಸ್ತೀನಿ. ನಾನು ಇರೋ ತನಕ."

"ಇರೋ ತನಕ" ಎಂದರು ಸಾಹುಕಾರರು. ಒಳಗಿನಿಂದ ಮಗಳು ಬಂದು ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಅಳಿಯ ಬಂದವನು ಸಾಹುಕಾರರನ್ನು ನೋಡಿ ಹೊಸ್ತಿಲಲ್ಲೇ ನಿಂತ.

ಮೊದಲು ಕಲಿತವಳು ಅಕ್ಕ. ತಂಗಿಯ ಮನೆ ಕುಣಿಗಲ್ಲಿನಲ್ಲಿದೆ, ಗಂಡ ಗಾಡಿ ಹೊಡೆಯುವವನು, ಗಾಡಿ ಎಲ್ಲಾದರೂ ಉರುಳುತ್ತದೆ ಎಂದು ಅವಳೇ ಕೇಳಿಕೊಂಡಳು. ನಾನೂ ಕಲಿಯಲು ಕೂತೆ. ನನ್ನ ಅಂಗೈಗೆ ಎಲ್ಲ ಕಾಯಿಯೂ ಉಂಡೆ ಎಂದೇ ಅನ್ನಿಸುತ್ತಿತ್ತು. ಈ ಆಶಾವಾದದಿಂದಲೇ ನಾನು ಪರೀಕ್ಷೆಗಳಲ್ಲಿ ಕೆಟ್ಟದ್ದು. ಆದರೆ ಆ ದಿನದಿಂದ ಯಾವ ಅಂಗಡಿಗೆ ಹೋದರೂ ಮೊದಲ ದಿನ ನಾನು ಬಾಯಿ ಬಿಡುವುದಿಲ್ಲ. ಕ್ಯಾತ್ಸಂದ್ರದ ಹೋಟೆಲಿನವರೊಬ್ಬರು, "ಬಂದು ಬೆಳಗಿಂದ ಪಾತ್ರೆ ತೊಳೆಯೋರ ಪಕ್ಕ ಕೂತಿದೀಯಲ್ಲ, ಬುದ್ಧಿವಾದ ಯಾವಾಗ?" ಎಂದು ಮೊನ್ನೆ ಗೊಣಗಿದರು. ಅವರ ಅಡುಗೆಮನೆಯಲ್ಲಿ ಏನು ತೊಂದರೆ ಎಂದು ಪಾತ್ರೆ ತೊಳೆಯುವಾಕೆ ನನಗೆ ಆಗಲೇ ಹೇಳಿ ಮುಗಿಸಿದ್ದಳು. ನಾನು ಮಾಡಬೇಕಾದದ್ದು ಅದನ್ನು ಅವಳಿಗೆ ಪೆಟ್ಟು ಬೀಳದ ಹಾಗೆ ಯಜಮಾನರಿಗೆ ತಲುಪಿಸುವುದಷ್ಟೇ.

ತಾತ ಮಂಡಿಗೆ ಹಿಂದಿರುಗಿದ ದಿನ ಬೆಳಿಗ್ಗೆ ನಾವೆಲ್ಲ ಅಂಗಳದಲ್ಲಿ ಸುತ್ತ ಕೂತಿದ್ದೆವು. ಪಾಠ ಅಕ್ಕನಿಗೆ ಎಂದುಕೊಂಡಿದ್ದೆವು. ಸಾಹುಕಾರರು ಬಂದು ಅವಳನ್ನು ಆಚೆ ಸರಿಯಲು ಹೇಳಿ, ತಾತನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚಿದರು. ತಾತ ಒಂದು ಕಾಯಿ ಇಟ್ಟು ಅವರ ಮಣಿಕಟ್ಟು ಹಿಡಿದು ಕುಲುಕಿದರು.

"ನೀರು" ಎಂದರು ಸಾಹುಕಾರರು.

ತಾತ ಅಲ್ಲವೆಂದು ತಲೆ ಆಡಿಸಿದರು. ಇನ್ನೊಂದು ಕಾಯಿಗೆ ಕೈ ಹಾಕಲಿಲ್ಲ. ಅದನ್ನೇ ಸಾಹುಕಾರರ ಅಂಗೈಯಲ್ಲಿ ಸ್ವಲ್ಪ ಕೆಳಕ್ಕೆ ಸರಿಸಿ, ಬಿಗಿ ಹಿಡಿದಿದ್ದ ಅವರ ಬೆರಳುಗಳನ್ನು ಒಂದೊಂದಾಗಿ ಸಡಿಲ ಮಾಡಿ, "ಇನ್ನೊಂದ್ಸಲ" ಎಂದರು.